ಸಿಪಾಯಿಯ ಜೇಬಿನಲ್ಲಿದ್ದ ಕ್ಯಾಮೆರಾ

ಸಭಿಕರೆ,

ಮೊದಲನೆಯ ಮಹಾಯುದ್ಧದ ಛಾಯಾಚಿತ್ರಗಳನ್ನು ಒಟ್ಟಿಗೆ ಇಟ್ಟು ನೋಡಿದವರಿಗೆ ಒಂದು ಪ್ರಶ್ನೆ ಏಳದೆ ಇರದು: ನಾಲ್ಕು ವರ್ಷ ನಡೆದ ಯುದ್ಧದಲ್ಲಿ ಕಾಳಗವೇ ಏಕೆ ಇಷ್ಟು ಕಡಿಮೆ ಕಾಣುತ್ತದೆ? ಕಂದಕದಲ್ಲಿ ಚಹಾ ಕಾಯಿಸುವವರು, ಕೆಸರಿನಲ್ಲಿ ಹೂತುಹೋದ ಬಂಡಿಗಳು, ಗಡ್ಡ ಬೋಳಿಸಿಕೊಳ್ಳುತ್ತಿರುವ ಸಿಪಾಯಿಗಳು ಹೇರಳವಾಗಿ ಸಿಗುತ್ತಾರೆ. ಗುಂಡಿಗೆ ಎದುರಾಗಿ ಓಡುವವನು ಅಪರೂಪ. ಇದಕ್ಕೆ ಸೆನ್ಸಾರಿನ ಕತ್ತರಿಯನ್ನು ದೂರುವುದು ವಾಡಿಕೆ. ಆ ದೂರಿನಲ್ಲಿ ಹುರುಳಿದೆ. ಆದರೆ ಕತ್ತರಿಯ ಕೈಗೆ ಚಿತ್ರ ಸೇರುವ ಮೊದಲೇ ಕ್ಯಾಮೆರಾ ಎಂಬ ಯಂತ್ರ ತನ್ನ ಮಿತಿಗೆ ತಕ್ಕಂತೆ ಆಯ್ದುಕೊಂಡಿರುತ್ತಿತ್ತು ಎಂಬುದು ನನ್ನ ವಾದ.

1912ರಲ್ಲಿ ಕೊಡಾಕ್ ಕಂಪನಿ ಮಾರುಕಟ್ಟೆಗೆ ತಂದ ‘ವೆಸ್ಟ್ ಪಾಕೆಟ್’ ಕ್ಯಾಮೆರಾವನ್ನೇ ತೆಗೆದುಕೊಳ್ಳೋಣ. ಮಡಚಿದರೆ ಅಂಗಿಯ ಜೇಬಿನಲ್ಲಿ ಅಡಗುವಷ್ಟು ಚಿಕ್ಕದಾಗಿದ್ದ ಇದನ್ನು ಯುದ್ಧ ಶುರುವಾದ ಮೇಲೆ ‘ಸೈನಿಕನ ಕೊಡಾಕ್’ ಎಂದೇ ಜಾಹೀರಾತು ಮಾಡಿ ಮಾರಿದರು. ಒಂದು ರೋಲಿಗೆ ಎಂಟು ಚಿತ್ರ. ಒಂದೊಂದು ನೆಗೆಟಿವ್ ಸುಮಾರು 4 ಸೆಂಟಿಮೀಟರ್ ಅಗಲ, 6.5 ಸೆಂಟಿಮೀಟರ್ ಉದ್ದ. ಅಗ್ಗದ ಮಾದರಿಯಲ್ಲಿ, ಬೆಳಕು ಒಳಬರಲು ತೆರೆದು ಮುಚ್ಚುವ ಷಟರಿನ ಅತಿ ಹೆಚ್ಚಿನ ವೇಗ ಸೆಕೆಂಡಿನ ಐವತ್ತನೇ ಒಂದು ಭಾಗವಾಗಿತ್ತು. ಇಂಥದ್ದರ ಮುಂದೆ ಓಡುವ ಮನುಷ್ಯ ಮಸುಕಾಗುತ್ತಾನೆ, ಇನ್ನೂರು ಗಜ ದೂರದ ಶತ್ರು ಚುಕ್ಕೆಯಾಗುತ್ತಾನೆ. ನಾಲ್ಕು ಹೆಜ್ಜೆ ಆಚೆ ನಿಂತು ನಗುವ ಗೆಳೆಯನ ಮುಖವಾದರೆ ಚೆನ್ನಾಗಿ ಮೂಡುತ್ತದೆ. ಸಿಪಾಯಿಗಳು ಗೆಳೆಯರ ಚಿತ್ರವನ್ನೇ ಹೆಚ್ಚಾಗಿ ತೆಗೆದದ್ದಕ್ಕೆ ಸ್ನೇಹದಷ್ಟೇ ಮಸೂರವೂ ಕಾರಣ. ಆಮೇಲೆ ಬಂದ ‘ಆಟೋಗ್ರಾಫಿಕ್’ ಮಾದರಿಗಳಲ್ಲಿ ಹಿಂಬದಿಯ ಪುಟ್ಟ ಬಾಗಿಲನ್ನು ತೆರೆದು ಲೋಹದ ಕಡ್ಡಿಯಿಂದ ತಾರೀಖನ್ನೋ ಊರಿನ ಹೆಸರನ್ನೋ ಫಿಲ್ಮಿನ ಅಂಚಿನಲ್ಲೇ ಬರೆಯಬಹುದಿತ್ತು. ಊರಿಗೆ ಬರೆಯುವ ಪತ್ರದಲ್ಲಿ ತಾನಿರುವ ಜಾಗದ ಹೆಸರು ಹೇಳಬಾರದೆಂಬ ನಿಯಮವಿದ್ದ ಸೈನ್ಯಕ್ಕೆ ಈ ಸೌಲಭ್ಯ ಎಷ್ಟು ಇರಿಸುಮುರುಸಾಗಿರಬೇಕೋ ಊಹಿಸಿ.

1914ರ ಕ್ರಿಸ್ಮಸ್ ದಿನ ಬ್ರಿಟಿಷ್ ಮತ್ತು ಜರ್ಮನ್ ಸಿಪಾಯಿಗಳು ಕಂದಕಗಳಿಂದ ಎದ್ದು ಬಂದು ಒಬ್ಬರ ಪಕ್ಕ ಒಬ್ಬರು ನಿಂತದ್ದು ನಮಗೆ ಕಣ್ಣಾರೆ ಕಾಣಸಿಗುವುದು ಸಿಪಾಯಿಗಳೇ ಒಯ್ದಿದ್ದ ಕ್ಯಾಮೆರಾಗಳ ದೆಸೆಯಿಂದ. 1915ರ ಜನವರಿ 8ರಂದು ಬ್ರಿಟನ್ನಿನ ‘ಡೈಲಿ ಮಿರರ್’ ಪತ್ರಿಕೆ ಅಂಥದೊಂದು ಚಿತ್ರವನ್ನು ಮುಖಪುಟದಲ್ಲೇ ಅಚ್ಚು ಹಾಕಿತು. ಅದೇ ವರ್ಷದ ಮಾರ್ಚ್ ಹೊತ್ತಿಗೆ ಬ್ರಿಟಿಷ್ ಸೇನೆಯಲ್ಲಿ ಖಾಸಗಿ ಕ್ಯಾಮೆರಾಗಳ ಮೇಲಿನ ನಿಷೇಧ ಬಿಗಿಯಾಯಿತು. ಕೆಲವರು ಕದ್ದುಮುಚ್ಚಿ ಚಿತ್ರ ತೆಗೆಯುತ್ತಲೇ ಇದ್ದರೆನ್ನಿ. ಅಧಿಕೃತ ಛಾಯಾಗ್ರಾಹಕನೆಂದು ಅರ್ನೆಸ್ಟ್ ಬ್ರೂಕ್ಸ್ ಪಶ್ಚಿಮ ರಣರಂಗಕ್ಕೆ ಬಂದದ್ದು 1916ರಲ್ಲಿ.

ಅಧಿಕೃತರ ಕೈಯಲ್ಲಿದ್ದದ್ದು ಗಾಜಿನ ಫಲಕಗಳ ಕ್ಯಾಮೆರಾ. ಷಟರ್ ವೇಗದ್ದೇ, ಆದರೆ ಒಂದು ಚಿತ್ರಕ್ಕೆ ಒಂದು ಗಾಜು, ಬಿದ್ದರೆ ಚೂರು. ಅದನ್ನು ಹೊತ್ತವನು ದಾಳಿಯ ಮುಂದೆ ನಿಲ್ಲಲಾರ. 1915ರಲ್ಲಿ ಫ್ರಾನ್ಸಿನಲ್ಲಿದ್ದ ಭಾರತೀಯ ಪಡೆಗಳ ಚಿತ್ರಗಳನ್ನು ತೆಗೆದ ಗರ್ಡ್‌ವುಡ್, ಗೂರ್ಖಾಗಳು ಕಂದಕದ ಮೇಲೆ ಏರಿ ಹೋಗುವ ದೃಶ್ಯವನ್ನು ಆಡಿಸಿ ತೆಗೆಯಬೇಕಾಯಿತು. 1917ರಲ್ಲಿ ಆಸ್ಟ್ರೇಲಿಯಾದ ಫ್ರಾಂಕ್ ಹರ್ಲಿ ಹಲವು ನೆಗೆಟಿವ್‌ಗಳನ್ನು ಜೋಡಿಸಿ, ವಿಮಾನ, ಹೊಗೆ, ಸಿಪಾಯಿ ಎಲ್ಲವನ್ನೂ ಒಂದೇ ಚಿತ್ರದಲ್ಲಿ ಕೂಡಿಸಿದ. ಇದು ನಕಲಿ ಎಂದು ಅಧಿಕೃತ ಇತಿಹಾಸಕಾರ ಚಾರ್ಲ್ಸ್ ಬೀನ್ ಸಿಡಿದೆದ್ದ. ಒಂದೇ ನೆಗೆಟಿವ್‌ಗೆ ಯುದ್ಧವನ್ನು ಹಿಡಿಸಲಾಗದು ಎಂಬುದು ಹರ್ಲಿಯ ಪಟ್ಟು. ದಾಖಲೆಯ ಮಟ್ಟಿಗೆ ನಾನು ಬೀನ್ ಪಕ್ಷದವನು. ಆದರೂ ಯಂತ್ರದ ದೌರ್ಬಲ್ಯವನ್ನು ಸರಿಯಾಗಿ ಗುರುತಿಸಿದವನು ಹರ್ಲಿಯೇ.

ನಮ್ಮ ಕಡೆಯ ಒಂದು ಮಾತು. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ತೀನಿನ ಹೈಫಾ ಪಟ್ಟಣವನ್ನು ಗೆದ್ದ ಮೈಸೂರು ಮತ್ತು ಜೋಧಪುರ ಲಾನ್ಸರ್ ಕುದುರೆ ಪಡೆಗಳ ದಾಳಿಯನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ಆದರೆ ಎಲ್ಲೆಡೆ ಕಾಣುವ ಛಾಯಾಚಿತ್ರದಲ್ಲಿರುವುದು, ಗೆದ್ದ ಬಳಿಕ ಭರ್ಜಿ ಹಿಡಿದು ಬೀದಿಯಲ್ಲಿ ನಿಧಾನವಾಗಿ ಸಾಗುತ್ತಿರುವ ಭಾರತೀಯ ಸವಾರರು.

ಎರಡನೆಯ ಮಹಾಯುದ್ಧದ ವೇಳೆಗೆ ಸೇನೆಯೇ ಚಿತ್ರ ತೆಗೆಯುವವರನ್ನು ತಯಾರು ಮಾಡತೊಡಗಿತು. 1941ರಲ್ಲಿ ಹುಟ್ಟಿದ ಬ್ರಿಟಿಷ್ ಸೇನೆಯ ಚಲನಚಿತ್ರ ಮತ್ತು ಛಾಯಾಚಿತ್ರ ದಳದವರಿಗೆ ಪೈನ್‌ವುಡ್ ಸ್ಟುಡಿಯೋದಲ್ಲಿ ತರಬೇತಿಯಾಗುತ್ತಿತ್ತು. ಅವರು ಬಳಸಿದ ಡೆವ್ರಿ ಕ್ಯಾಮೆರಾಕ್ಕೆ ಗಡಿಯಾರಕ್ಕೆ ಕೊಡುವಂತೆ ಕೀಲಿ ಕೊಡಬೇಕು. ಒಳಗೆ 100 ಅಡಿ ಫಿಲ್ಮು, ಅಂದರೆ ಒಂದು ನಿಮಿಷಕ್ಕಿಂತ ತುಸು ಹೆಚ್ಚು. ಶಬ್ದ ಹಿಡಿಯುವ ಏರ್ಪಾಡು ಅದರಲ್ಲಿ ಇರಲಿಲ್ಲ. ಅಂಥ ಸುರುಳಿಗಳಿಂದ ಕಟ್ಟಿದ ಸಾಕ್ಷ್ಯಚಿತ್ರಗಳಲ್ಲಿ ನಾವು ಕೇಳುವ ಫಿರಂಗಿಯ ಮೊಳಗು ಆಮೇಲೆ ಸ್ಟುಡಿಯೋದಲ್ಲಿ ಸೇರಿಸಿದ್ದು.

ಕೊನೆಯದಾಗಿ ಜಪಾನಿನ ಇವೋ ಜಿಮಾ ದ್ವೀಪದ ಬೆಟ್ಟಕ್ಕೆ ಬರೋಣ. 1945ರ ಫೆಬ್ರುವರಿ 23ರ ಬೆಳಿಗ್ಗೆ ಅಲ್ಲಿ ಏರಿಸಿದ ಮೊದಲ ಬಾವುಟದ ಚಿತ್ರಗಳನ್ನು ಅಮೆರಿಕದ ಮೆರೀನ್ ಪಡೆಯ ಲೂ ಲೋವರಿ ತೆಗೆದ. ಗುಂಡು ಹಾರಿದಾಗ ತಪ್ಪಿಸಿಕೊಳ್ಳಲು ಉರುಳಿ ಅವನ ಕ್ಯಾಮೆರಾ ಒಡೆಯಿತು, ಫಿಲ್ಮು ಉಳಿಯಿತು. ಜಗತ್ತು ನೆನಪಿಟ್ಟದ್ದು ಎರಡನೆಯ ಬಾವುಟವನ್ನು. ಅದನ್ನು ಸ್ಪೀಡ್ ಗ್ರಾಫಿಕ್ ಎಂಬ ಕ್ಯಾಮೆರಾದಲ್ಲಿ ಸೆಕೆಂಡಿನ ನಾನೂರನೇ ಒಂದು ಭಾಗದಲ್ಲಿ ಹಿಡಿದವನು ಸುದ್ದಿಸಂಸ್ಥೆಯ ಜೋ ರೊಸೆಂತಾಲ್, ಅವನು ಸೈನಿಕನಲ್ಲ. ಅವನ ಪಕ್ಕದಲ್ಲೇ ನಿಂತು ಅದೇ ಬಾವುಟ ಏರುವುದನ್ನು ಬಣ್ಣದ ಚಲನಚಿತ್ರದಲ್ಲಿ ಪೂರ್ತಿಯಾಗಿ ಸೆರೆಹಿಡಿದ ಮೆರೀನ್ ಸಾರ್ಜೆಂಟ್ ಬಿಲ್ ಗೆನೌಸ್ಟ್ ಒಂಬತ್ತು ದಿನಗಳ ಬಳಿಕ ಆ ದ್ವೀಪದ ಗುಹೆಯೊಂದರಲ್ಲಿ ಕೊಲ್ಲಲ್ಪಟ್ಟ.