‘ಸಿಂಧು ಭೈರವಿ’: ಕಛೇರಿಯ ನಡುವೆ ಎದ್ದ ಒಂದು ಪ್ರಶ್ನೆ

ಕೇಳುಗರಿಗೆ ನಮಸ್ಕಾರ.

ಕಛೇರಿಗೆ ಸಭೆ ತುಂಬಿದೆ, ಆದರೆ ಮೃದಂಗದವರು ಕುಡಿದು ಬಂದಿದ್ದಾರೆ. ಗಾಯಕ ಅದನ್ನು ಸಹಿಸುವುದಿಲ್ಲ. ಅವರನ್ನು ಆಚೆಗೆ ಕಳುಹಿಸಿ, ಮೃದಂಗದ ಆಸರೆಯಿಲ್ಲದೆಯೇ ಹಾಡಿ ಕಛೇರಿಯನ್ನು ಗೆಲ್ಲುತ್ತಾನೆ. ಕೆ. ಬಾಲಚಂದರ್ ನಿರ್ದೇಶಿಸಿ 1985ರಲ್ಲಿ ತೆರೆಗೆ ಬಂದ ‘ಸಿಂಧು ಭೈರವಿ’ ಎಂಬ ತಮಿಳು ಚಿತ್ರದಲ್ಲಿ ನಾವು ಜೆ.ಕೆ.ಬಿ. ಎಂಬ ವಿದ್ವಾಂಸನನ್ನು ಕಾಣುವುದು ಹೀಗೆ. ಸಂಗೀತವನ್ನು ಮಡಿಯಂತೆ ಕಾಪಾಡಿಕೊಂಡ ಈತನೇ ಮುಂದೆ ಕುಡಿತದ ದಾಸನಾಗುತ್ತಾನೆ. ಪಾತ್ರ ಶಿವಕುಮಾರ್ ಅವರದು. ಅದಕ್ಕೆ ಕಂಠ ಕೊಟ್ಟವರು ಯೇಸುದಾಸ್.

ಜೆ.ಕೆ.ಬಿ.ಯ ಹೆಂಡತಿ ಭೈರವಿಗೆ ಗಂಡನ ಮೇಲೆ ಅಪಾರ ಪ್ರೀತಿಯಿದೆ, ಸಂಗೀತದ ಗಂಧವಿಲ್ಲ. ಮನೆಯಲ್ಲಿ ಮಕ್ಕಳೂ ಇಲ್ಲ. ಸಂಗೀತ ಬಲ್ಲ ಸಿಂಧು ಅವನ ಬಾಳಿಗೆ ಬರುತ್ತಾಳೆ. ಇಬ್ಬರು ಹೆಂಗಸರ ಹೆಸರನ್ನು ಕೂಡಿಸಿದರೆ ಒಂದು ರಾಗವಾಗುತ್ತದೆ ಎಂಬುದು ಕಥೆಗಾರನ ಚಮತ್ಕಾರ. ಆದರೆ ನನಗೆ ಈ ಚಿತ್ರ ಮುಖ್ಯವೆನಿಸುವುದು ಆ ತ್ರಿಕೋನಕ್ಕಾಗಿ ಅಲ್ಲ. ಸಿಂಧು ತುಂಬಿದ ಸಭೆಯಲ್ಲಿ ಎತ್ತುವ ಒಂದು ಪ್ರಶ್ನೆಗಾಗಿ. ಕೇಳುವವರು ತಮಿಳರಾಗಿರುವಾಗ ತೆಲುಗು ಕೀರ್ತನೆಗಳನ್ನಷ್ಟೇ ಏಕೆ ಹಾಡುತ್ತೀರಿ, ಎಲ್ಲರಿಗೂ ಅರ್ಥವಾಗುವ ತಮಿಳಿನಲ್ಲಿ ಏಕೆ ಹಾಡಬಾರದು ಎಂದು ಅವಳು ಕೇಳುತ್ತಾಳೆ.

ಈ ಪ್ರಶ್ನೆ ತಮಿಳುನಾಡಿಗೆ ಹೊಸದೇನಲ್ಲ. ರಾಜಾ ಅಣ್ಣಾಮಲೈ ಚೆಟ್ಟಿಯಾರರ ಬೆಂಬಲದಲ್ಲಿ ಕಛೇರಿಗಳಲ್ಲಿ ತಮಿಳು ಹಾಡುಗಳಿಗೆ ಜಾಗ ಕೇಳಿದ ತಮಿಳಿಶೈ (ತಮಿಳು ಸಂಗೀತ) ಚಳವಳಿ ಬಲವಾಗಿ ಬೆಳೆದು, 1943ರಲ್ಲಿ ಮದ್ರಾಸಿನಲ್ಲಿ ತಮಿಳಿಶೈ ಸಂಘವೇ ಹುಟ್ಟಿಕೊಂಡಿತ್ತು. ನಾಲ್ಕು ದಶಕ ಹಳೆಯ ವಾದವನ್ನು ಬಾಲಚಂದರ್ ಮಾತಿನಲ್ಲಿ ಬೆಳೆಸಿದ್ದರೆ ಚಿತ್ರ ಭಾಷಣವಾಗಿಬಿಡುತ್ತಿತ್ತು. ಅವರು ಆ ಹೊಣೆಯನ್ನು ಸಂಗೀತ ನಿರ್ದೇಶಕ ಇಳಯರಾಜ ಅವರಿಗೆ ಒಪ್ಪಿಸಿದರು.

ಹಾಗಾದರೆ ನೀನೇ ಹಾಡಿ ತೋರಿಸು ಎಂಬ ಸವಾಲಿಗೆ ಸಿಂಧು ಹಾಡುವ ಹಾಡು ‘ಪಾಡರಿಯೇನ್ ಪಡಿಪ್ಪರಿಯೇನ್’. ಹಾಡಲರಿಯೆ, ಓದಲರಿಯೆ, ಶಾಲೆಯನ್ನೇ ನಾನರಿಯೆ ಎಂದು ಆರಂಭವಾಗುವ ಇದರ ಸಾಹಿತ್ಯ ವೈರಮುತ್ತು ಅವರದು, ಕಂಠ ಚಿತ್ರಾ ಅವರದು. ಮೊದಲು ಕಿವಿಗೆ ಬೀಳುವುದು ಹಳ್ಳಿಯ ಹೆಣ್ಣುಮಗಳ ಪದ. ‘ಶೊನ್ನದು ತಪ್ಪಾ ತಪ್ಪಾ’ ಎಂದು ಅವಳು ಕೇಳುವಾಗ ಕನ್ನಡಿಗರಿಗೆ ಅನುವಾದವೇ ಬೇಕಿಲ್ಲ, ತಪ್ಪು ನಮ್ಮಲ್ಲೂ ತಪ್ಪೇ. ಪದದ ಬಾಗುಬಳುಕುಗಳು ಹಾಗೆಯೇ ಇರುತ್ತವೆ, ಆದರೆ ಸ್ವರಗಳು ಮೆಲ್ಲಗೆ ಒಂದು ರಾಗವಾಗಿ ಕೂಡಿಕೊಳ್ಳುತ್ತವೆ. ಅದು ಸಾರಮತಿ, ನಟಭೈರವಿ ಎಂಬ ಮೂಲರಾಗದಿಂದ ಹುಟ್ಟಿದ ಜನ್ಯರಾಗ. ಏರುವಾಗ ಏಳೂ ಸ್ವರಗಳು. ಇಳಿಯುವಾಗ ಪಂಚಮವನ್ನೂ ರಿಷಭವನ್ನೂ ಬಿಟ್ಟು ಇಳಿಯುತ್ತದೆ. ತ್ಯಾಗರಾಜರ ‘ಮೋಕ್ಷಮು ಗಲದಾ’ ಕೇಳಿದವರಿಗೆ ಈ ರಾಗ ಪರಿಚಿತ. ಕೊನೆಗೆ ಹಳ್ಳಿಯ ಪದ ಯಾವ ಎಡರೂ ಇಲ್ಲದೆ ತ್ಯಾಗರಾಜರ ‘ಮರಿ ಮರಿ ನಿನ್ನೇ’ ಎಂಬ ತೆಲುಗು ಪಲ್ಲವಿಗೆ ಹೊರಳುತ್ತದೆ. ಈ ಕೃತಿಯನ್ನು ಸಂಪ್ರದಾಯದಲ್ಲಿ ಹಾಡುವುದು ಕಾಂಭೋಜಿ ರಾಗದಲ್ಲಿ. ಇಳಯರಾಜ ಅದನ್ನು ಸಾರಮತಿಗೆ ತಂದರು. ಮಡಿವಂತರಿಗೆ ಇದು ಅಧಿಕಪ್ರಸಂಗವೆನಿಸಿದರೆ ಆಶ್ಚರ್ಯವಿಲ್ಲ. ನನಗಂತೂ ಕಾಂಭೋಜಿಯ ಗಾಂಭೀರ್ಯ ಇಲ್ಲದಿದ್ದರೂ, ಮತ್ತೆ ಮತ್ತೆ ಮೊರೆಯಿಟ್ಟರೂ ನಿನಗೆ ದಯೆ ಬಾರದೇ ಎಂಬ ಆ ಮಾತಿಗೆ ಸಾರಮತಿಯ ಅಳಲು ಒಪ್ಪಿದಂತೆಯೇ ಕೇಳಿಸುತ್ತದೆ.

ಸಿಂಧು ತೆಲುಗನ್ನು ಅಲ್ಲಗಳೆಯಲಿಲ್ಲ ಎಂಬುದನ್ನು ಗಮನಿಸಬೇಕು. ತಮಿಳು ಪದ ಮತ್ತು ತೆಲುಗು ಕೀರ್ತನೆ ಒಂದೇ ನೆಲದ ಬೆಳೆ ಎಂದು ಹಾಡಿ ತೋರಿಸಿದಳು, ಅಷ್ಟೆ. ಅದೇ ಚಿತ್ರದ ‘ಕಲೈವಾಣಿಯೇ’ ಹಾಡಿನಲ್ಲಿ ಇಳಯರಾಜ ಕಲ್ಯಾಣಿ ರಾಗದ ಆರೋಹಣವನ್ನು, ಅಂದರೆ ಏರುವ ಸ್ವರಗಳನ್ನು ಮಾತ್ರ ಬಳಸಿ, ಇಳಿಯುವ ದಾರಿಯನ್ನೇ ಮುಟ್ಟದೆ ಹಾಡನ್ನು ಕಟ್ಟಿದ್ದಾರೆ. ಅದು ವಿದ್ವತ್ತಿನ ಪಂದ್ಯ. ‘ಪಾಡರಿಯೇನ್’ನಲ್ಲಿ ವಿದ್ವತ್ತು ಅಡಗಿ ಕುಳಿತಿದೆ. ಆ ವರ್ಷದ ರಾಷ್ಟ್ರಪ್ರಶಸ್ತಿಗಳಲ್ಲಿ ಸಂಗೀತಕ್ಕೆ ಇಳಯರಾಜ, ಗಾಯನಕ್ಕೆ ಚಿತ್ರಾ, ಅಭಿನಯಕ್ಕೆ ಸಿಂಧುವಾಗಿ ನಟಿಸಿದ ಸುಹಾಸಿನಿ ಆಯ್ಕೆಯಾದರು.

ಚಿತ್ರದ ಉತ್ತರಾರ್ಧದ ಬಗ್ಗೆ ನನ್ನದೊಂದು ತಕರಾರಿದೆ. ಇಷ್ಟು ನೇರವಾಗಿ ಪ್ರಶ್ನಿಸಿದ ಹೆಣ್ಣು ಕೊನೆಗೆ ತನ್ನ ಮಗುವನ್ನು ಭೈರವಿಯ ಕೈಗಿತ್ತು ಹೊರಟುಹೋಗುತ್ತಾಳೆ. ತಪ್ಪು ಮಾಡಿದ ಗಂಡಸಿಗೆ ಮನೆ, ಹೆಂಡತಿ, ಮಗು, ವೇದಿಕೆ ಎಲ್ಲವೂ ಮರಳಿ ಸಿಗುತ್ತವೆ. ಅವಳ ಪಾಲಿಗೆ ತ್ಯಾಗ. ಕಥೆ ಇಲ್ಲಿ ಅಂಜಿತು, ಸಂಗೀತ ಅಂಜಲಿಲ್ಲ.

ನಮ್ಮ ಸಭೆಗಳಲ್ಲಿಯೂ ಈ ಪ್ರಶ್ನೆ ಉಂಟು. ಪುರಂದರದಾಸರನ್ನು ಸಂಗೀತ ಪಿತಾಮಹರೆಂದು ಕೊಂಡಾಡುತ್ತೇವೆ, ಮಕ್ಕಳ ಪಾಠವನ್ನು ಅವರ ಸರಳೆವರಸೆಯಿಂದಲೇ ತೊಡಗುತ್ತೇವೆ. ಆದರೆ ಕಛೇರಿಯಲ್ಲಿ ದೇವರನಾಮದ ಸರದಿ ಬರುವುದು ಸಾಮಾನ್ಯವಾಗಿ ತಾಳವಾದ್ಯದವರಷ್ಟೇ ನುಡಿಸುವ ತನಿ ಆವರ್ತನ ಮುಗಿದು, ಕೆಲವರು ಚಪ್ಪಲಿ ಹುಡುಕಲು ಎದ್ದ ಮೇಲೆ. ‘ವೆಂಕಟಾಚಲ ನಿಲಯಂ’ ತೇಲಿ ಬರುವುದು ಹೆಚ್ಚಾಗಿ ಆ ಹೊತ್ತಿಗೇ, ಅದರ ರಾಗವೂ ಸಿಂಧು ಭೈರವಿಯೇ. ಚಿತ್ರಕ್ಕೆ ಹೆಸರಾದದ್ದು ಹೀಗೆ ಕಛೇರಿಯ ಕೊನೆಯ ಸಾಲಿನಲ್ಲಿ ಕೂರಿಸಿದ ರಾಗ.

ಈಗ ‘ಪಾಡರಿಯೇನ್’ ಕೇಳೋಣ. ತಮಿಳು ಮುಗಿದು ತೆಲುಗು ಹಿಡಿಯುವ ಆ ಎಡೆಯನ್ನು ಗಮನವಿಟ್ಟು ಕೇಳಿ. ಬೆಸುಗೆಯ ಗುರುತು ನಿಮಗೆ ಸಿಗುವುದೋ ನೋಡಿ.