ಮಾತಿನ ಬಲೂನ್‌ನಿಂದ ಮಾತಿಲ್ಲದ ಪುಟದವರೆಗೆ: ಟಾಮ್ ಫೀಲಿಂಗ್ಸ್ ಅವರ ಚಿತ್ರಲೋಕ

[ದೃಶ್ಯ: ಕಪ್ಪು ಬಿಳುಪಿನ ದೊಡ್ಡ ಪುಸ್ತಕವೊಂದರ ಪುಟಗಳು ನಿಧಾನವಾಗಿ ತಿರುಗುತ್ತವೆ. ಹಿನ್ನೆಲೆ ಸಂಗೀತ ಇಲ್ಲ.]

ನಮಸ್ಕಾರ. 1995ರಲ್ಲಿ ಅಮೆರಿಕದಲ್ಲಿ ಒಂದು ಪುಸ್ತಕ ಹೊರಬಂತು. ಮುನ್ನುಡಿಯ ಬರಹವನ್ನು ದಾಟಿ ಒಳಗೆ ಹೋದರೆ ಅದರಲ್ಲಿ ಒಂದೇ ಒಂದು ಪದವಿಲ್ಲ. ಇರುವುದು 64 ಚಿತ್ರಗಳು ಮಾತ್ರ. ಆಫ್ರಿಕಾದ ಕರಾವಳಿಯಿಂದ ಸರಪಳಿ ಬಿಗಿದು ಸಾಗಿಸಲಾದ ಜನ ಹಡಗಿನ ಹೊಟ್ಟೆಯೊಳಗೆ ಅಟ್ಲಾಂಟಿಕ್ ಸಾಗರವನ್ನು ದಾಟಿದ ಕಥೆಯನ್ನು ಅವು ಹೇಳುತ್ತವೆ. 'ದ ಮಿಡಲ್ ಪ್ಯಾಸೇಜ್' ಎಂಬ ಹೆಸರಿನ ಈ ಪುಸ್ತಕಕ್ಕೆ ಕಲಾವಿದ ಟಾಮ್ ಫೀಲಿಂಗ್ಸ್ ಸುಮಾರು ಇಪ್ಪತ್ತು ವರ್ಷ ದುಡಿದರು. ಇದೇ ಕಲಾವಿದ ತಮ್ಮ ವೃತ್ತಿಯನ್ನು ಆರಂಭಿಸಿದ್ದು ಪತ್ರಿಕೆಯ ಕಾಮಿಕ್ಸ್‌ನಿಂದ, ಅಂದರೆ ಪ್ರತಿ ಚೌಕಟ್ಟಿನಲ್ಲೂ ಮಾತಿನ ಬಲೂನ್ ತೇಲುತ್ತಿದ್ದ ಚಿತ್ರಗಳಿಂದ. ಅಲ್ಲಿಂದ ಇಲ್ಲಿಗೆ ಅವರು ಹೇಗೆ ಬಂದರು ಎಂಬುದೇ ಇಂದಿನ ವಿಷಯ.

[ದೃಶ್ಯ: ನ್ಯೂಯಾರ್ಕ್‌ನ ಬ್ರೂಕ್ಲಿನ್ ಬೀದಿ, ಮನೆಗಳ ಮುಂದಿನ ಮೆಟ್ಟಿಲುಗಳು.]

ಫೀಲಿಂಗ್ಸ್ ಹುಟ್ಟಿದ್ದು 1933ರ ಮೇ 19ರಂದು, ಬ್ರೂಕ್ಲಿನ್‌ನ ಬೆಡ್‌ಫರ್ಡ್-ಸ್ಟೈವೆಸೆಂಟ್ ಬಡಾವಣೆಯಲ್ಲಿ. ಬಾಲ್ಯದಲ್ಲಿ ಎಲ್ಲ ಮಕ್ಕಳಂತೆ ಕಾಮಿಕ್ಸ್ ಪುಸ್ತಕಗಳನ್ನು ನೋಡಿ ನಕಲು ಮಾಡುತ್ತಿದ್ದ ಈ ಹುಡುಗನಿಗೆ, ನಕಲು ಬಿಟ್ಟು ನಿನ್ನ ಸುತ್ತಲಿನ ಜನರನ್ನು ನೋಡಿ ಬರೆ ಎಂದು ಬುದ್ಧಿ ಹೇಳಿದವರು ಅದೇ ಬಡಾವಣೆಯಲ್ಲಿ ಮಕ್ಕಳಿಗೆ ಚಿತ್ರ ಕಲಿಸುತ್ತಿದ್ದ ಒಬ್ಬ ಕಪ್ಪು ಕಲಾವಿದರು. ಆ ಮಾತು ಅವರ ಕೈಯನ್ನು ಬಿಡಲೇ ಇಲ್ಲ. ಕಾರ್ಟೂನ್ ಕಲಿಸುವ ಶಾಲೆಗೆ ಸೇರಿ, ನಡುವೆ ನಾಲ್ಕು ವರ್ಷ ವಾಯುಸೇನೆಯಲ್ಲಿ ಕೆಲಸ ಮಾಡಿ, 1957ರಲ್ಲಿ ಮರಳಿ ಬಂದ ಮೇಲೂ ಅವರು ಬಡಾವಣೆಯ ಬೀದಿಗಳಲ್ಲೇ ಕುಳಿತು ಚಿತ್ರ ಬರೆಯುತ್ತಿದ್ದರು.

1958ರಲ್ಲಿ ಹಾರ್ಲೆಮ್‌ನ ಕಪ್ಪು ಜನರ ವಾರಪತ್ರಿಕೆ 'ನ್ಯೂಯಾರ್ಕ್ ಏಜ್'ನಲ್ಲಿ ಅವರ ಚಿತ್ರಕಥೆ ಆರಂಭವಾಯಿತು. ಟಾಮಿ ಟ್ರಾವೆಲರ್ ಎಂಬ ಹುಡುಗನಿಗೆ ತನ್ನ ಜನರ ಇತಿಹಾಸವನ್ನು ಓದುವ ಹಸಿವು. ಓದುತ್ತ ಓದುತ್ತ ಅವನು ಕನಸಿನಲ್ಲಿ ಆ ಇತಿಹಾಸದೊಳಕ್ಕೇ ನಡೆದುಹೋಗುತ್ತಾನೆ. 1770ರಲ್ಲಿ ಬಾಸ್ಟನ್‌ನಲ್ಲಿ ಬ್ರಿಟಿಷ್ ಸೈನಿಕರ ಗುಂಡಿಗೆ ಬಲಿಯಾದ ಕ್ರಿಸ್ಪಸ್ ಅಟಕ್ಸ್, ಗುಲಾಮಗಿರಿಯಿಂದ ತಪ್ಪಿಸಿಕೊಂಡು ದೊಡ್ಡ ವಾಗ್ಮಿಯಾದ ಫ್ರೆಡರಿಕ್ ಡಗ್ಲಸ್, ಬಾಕ್ಸಿಂಗ್ ಪಟು ಜೋ ಲೂಯಿಸ್ ಎಲ್ಲರೂ ಅಲ್ಲಿ ಬರುತ್ತಾರೆ. 1955ರಲ್ಲಿ ಮಿಸಿಸಿಪ್ಪಿಯಲ್ಲಿ ಕೊಲೆಯಾದ ಹದಿನಾಲ್ಕರ ಬಾಲಕ ಎಮೆಟ್ ಟಿಲ್ ಕೂಡ ಬರುತ್ತಾನೆ. ದೇಶ ಇನ್ನೂ ಮರೆಯದಿದ್ದ ಆ ಸಾವನ್ನು ಮಕ್ಕಳ ಕಾಮಿಕ್ಸ್‌ಗೆ ತಂದದ್ದನ್ನು ನಾನು ದೊಡ್ಡ ಧೈರ್ಯವೆಂದೇ ಎಣಿಸುತ್ತೇನೆ.

ಬೀದಿಯಲ್ಲಿ ಚಿತ್ರ ಬರೆಯುತ್ತಿದ್ದ ಆ ದಿನಗಳ ಒಂದು ಪ್ರಸಂಗವನ್ನು ಅವರು ಮುಂದೆ ನೆನಪಿಸಿಕೊಂಡಿದ್ದಾರೆ. ನೀನು ಚೆಂದ ಇದ್ದೀಯೆ ಎಂದು ಒಬ್ಬ ಪುಟ್ಟ ಕಪ್ಪು ಹುಡುಗಿಗೆ ಹೇಳಿದಾಗ, ಆ ಮಗು ಅದನ್ನು ಒಪ್ಪಲಿಲ್ಲ. ಕಪ್ಪಾದದ್ದು ಯಾವುದೂ ಚೆಂದವಿರುವುದಿಲ್ಲ ಎಂಬುದು ಅದರ ಉತ್ತರ. ಆ ಮಗುವಿಗೆ ಈ ಪಾಠವನ್ನು ಯಾರೂ ಕೂರಿಸಿ ಕಲಿಸಿರಲಾರರು, ಸುತ್ತಲಿನ ಪುಸ್ತಕಗಳೂ ಚಿತ್ರಗಳೂ ಸದ್ದಿಲ್ಲದೆ ಕಲಿಸಿದ್ದವು. 1965ರಲ್ಲಿ ನ್ಯಾನ್ಸಿ ಲ್ಯಾರಿಕ್ ಎಂಬ ಶಿಕ್ಷಣತಜ್ಞೆ ಹಿಂದಿನ ಮೂರು ವರ್ಷಗಳಲ್ಲಿ ಅಮೆರಿಕದಲ್ಲಿ ಪ್ರಕಟವಾಗಿದ್ದ 5,206 ಮಕ್ಕಳ ಪುಸ್ತಕಗಳನ್ನು ಪರಿಶೀಲಿಸಿದರು. ಅವುಗಳಲ್ಲಿ ಒಬ್ಬ ಕಪ್ಪು ವ್ಯಕ್ತಿಯಾದರೂ ಕಾಣಿಸಿಕೊಂಡಿದ್ದ ಪುಸ್ತಕಗಳು 349, ಅಂದರೆ ಶೇಕಡ 6.7.

[ದೃಶ್ಯ: ಘಾನಾದ ನಕ್ಷೆ. ಬಿಸಿಲಿನಲ್ಲಿ ಹೊಳೆಯುವ ಮುಖಗಳ ರೇಖಾಚಿತ್ರ.]

ಆ ವರದಿ ಬರುವ ಹೊತ್ತಿಗೆ ಫೀಲಿಂಗ್ಸ್ ಅಮೆರಿಕದಲ್ಲಿರಲಿಲ್ಲ. 1964ರಲ್ಲಿ ಅವರು ಘಾನಾಕ್ಕೆ ಹೋಗಿ, ಸರ್ಕಾರಿ ಪ್ರಕಾಶನ ಸಂಸ್ಥೆಯಲ್ಲಿ ಚಿತ್ರಕಾರರಾಗಿ ಕೆಲಸಕ್ಕೆ ಸೇರಿದ್ದರು. ಎಂಕ್ರುಮಾ ಅವರ ನೇತೃತ್ವದಲ್ಲಿ ಹೊಸದಾಗಿ ಸ್ವತಂತ್ರವಾಗಿದ್ದ ಆ ದೇಶದಲ್ಲಿ ಕಪ್ಪು ಜನರೇ ಬಹುಸಂಖ್ಯಾತರು, ಅಲ್ಲಿ ಕಪ್ಪು ಮೈಬಣ್ಣಕ್ಕೆ ಯಾವ ವಿವರಣೆಯೂ ಬೇಕಿರಲಿಲ್ಲ. ಅಲ್ಲಿ ಅವರ ಚಿತ್ರದ ಬೆಳಕೇ ಬದಲಾಯಿತು. ಬ್ರೂಕ್ಲಿನ್‌ನ ಚಿತ್ರಗಳಲ್ಲಿ ಮುಖಗಳ ಸುತ್ತ ಕತ್ತಲು ಕವಿದಿರುತ್ತಿದ್ದರೆ, ಇಲ್ಲಿ ಕಪ್ಪು ಚರ್ಮದ ಒಳಗಿನಿಂದಲೇ ಕಾಂತಿ ಹೊಮ್ಮುವಂತೆ ಕಾಣತೊಡಗಿತು. 1966ರಲ್ಲಿ ಸೇನಾದಂಗೆ ಎಂಕ್ರುಮಾ ಸರ್ಕಾರವನ್ನು ಉರುಳಿಸಿದ ಮೇಲೆ ಅವರು ತಾಯ್ನಾಡಿಗೆ ಮರಳಬೇಕಾಯಿತು. ಆದರೆ ಆ ಕಾಂತಿ ಅವರ ಕುಂಚದಲ್ಲಿ ಉಳಿದುಕೊಂಡಿತು.

ಮರಳಿ ಬಂದವರಿಗೆ ಮಕ್ಕಳ ಪುಸ್ತಕಗಳ ಕೆಲಸ ಸಿಗತೊಡಗಿತು. 1968ರಲ್ಲಿ ಜೂಲಿಯಸ್ ಲೆಸ್ಟರ್ ಅವರು ಗುಲಾಮರಾಗಿದ್ದವರ ನುಡಿಗಳನ್ನೇ ಹೆಣೆದು ರಚಿಸಿದ 'ಟು ಬಿ ಎ ಸ್ಲೇವ್' ಕೃತಿಗೆ ಚಿತ್ರ ಬರೆದರು. ಆದರೆ ನನಗೆ ಹೆಚ್ಚು ಪ್ರಿಯವಾದದ್ದು 1971ರ ಎಣಿಕೆಯ ಪುಸ್ತಕ, 'ಮೋಜಾ ಮೀನ್ಸ್ ಒನ್'. ಅದನ್ನು ಬರೆದವರು ಆಗ ಅವರ ಪತ್ನಿಯಾಗಿದ್ದ ಮ್ಯೂರಿಯಲ್ ಫೀಲಿಂಗ್ಸ್. ಸ್ವಾಹಿಲಿ ಭಾಷೆಯಲ್ಲಿ ಒಂದರಿಂದ ಹತ್ತರವರೆಗೆ, ಮೋಜಾದಿಂದ ಕೂಮಿಯವರೆಗೆ ಎಣಿಸುವ ಈ ಪುಸ್ತಕ ಕಿಲಿಮಂಜಾರೊ ಪರ್ವತದಿಂದ ಆರಂಭವಾಗುತ್ತದೆ. ಅದರೊಳಗೆ ಗುಳಿಗಳಲ್ಲಿ ಕಾಯಿ ಹಾಕುತ್ತ ಹೋಗುವ ಮಂಕಾಲ ಆಟವೂ ಇದೆ. ಕರಾವಳಿಯ ಚೆನ್ನೆಮಣೆ, ಬಯಲುಸೀಮೆಯ ಅಳಗುಳಿ ಮಣೆ ಆಡಿದವರಿಗೆ ಆ ಆಟವನ್ನು ಪರಿಚಯಿಸಬೇಕಾಗಿಲ್ಲ, ಇವೆಲ್ಲವೂ ಒಂದೇ ಆಟದ ಕುಟುಂಬ. ಈ ಪುಸ್ತಕಕ್ಕೆ 1972ರಲ್ಲಿ ಕ್ಯಾಲ್ಡೆಕಾಟ್ ಗೌರವ ದೊರೆಯಿತು. ಮಕ್ಕಳ ಚಿತ್ರಪುಸ್ತಕಗಳಿಗೆ ಸಲ್ಲುವ ಆ ಗೌರವವನ್ನು ಪಡೆದ ಮೊದಲ ಆಫ್ರಿಕನ್ ಅಮೆರಿಕನ್ ಕಲಾವಿದ ಫೀಲಿಂಗ್ಸ್. ಮುಂದೆ ಇದೇ ಜೋಡಿ ಹೊರತಂದ ಸ್ವಾಹಿಲಿ ಅಕ್ಷರಮಾಲೆ 'ಜಾಂಬೊ ಮೀನ್ಸ್ ಹಲೋ'ಗೂ 1975ರಲ್ಲಿ ಅದೇ ಗೌರವ ಸಂದಿತು. ಅದರಲ್ಲಿರುವ ಅಕ್ಷರಗಳು 26 ಅಲ್ಲ, 24. ಸ್ವಾಹಿಲಿಯಲ್ಲಿ ಕ್ಯೂ ಮತ್ತು ಎಕ್ಸ್ ಇಲ್ಲ.

[ದೃಶ್ಯ: ಸಮುದ್ರ. ದೂರದಲ್ಲಿ ಹಾಯಿಹಡಗಿನ ನೆರಳು.]

1970ರ ದಶಕದ ಆರಂಭದಲ್ಲಿ ಗಯಾನಾ ದೇಶದ ಶಿಕ್ಷಣ ಸಚಿವಾಲಯದಲ್ಲಿ ಕೆಲಸ ಮಾಡಿ ಹಿಂದಿರುಗಿದ ಬಳಿಕ ಅವರು ತಮ್ಮ ಬಹುದೊಡ್ಡ ಕೆಲಸಕ್ಕೆ ಕೈಹಾಕಿದರು. ಅದರ ಬೀಜ ಬಿದ್ದದ್ದು ಘಾನಾದಲ್ಲಿ. ನಿಮ್ಮನ್ನೆಲ್ಲ ಇಲ್ಲಿಂದ ಕೊಂಡೊಯ್ದ ಮೇಲೆ ನಿಮಗೆ ಏನಾಯಿತು ಎಂದು ಅಲ್ಲಿನ ಗೆಳೆಯರೊಬ್ಬರು ಒಂದು ರಾತ್ರಿ ಮೆಲ್ಲನೆ ಕೇಳಿದ್ದರು. ಇತಿಹಾಸಕಾರರು ಹಡಗುಗಳ ದಾಖಲೆಗಳಿಂದ ಲೆಕ್ಕ ಹಾಕಿರುವಂತೆ, ಆಫ್ರಿಕಾದಲ್ಲಿ ಹಡಗು ಹತ್ತಿಸಲಾದವರು ಸುಮಾರು 1 ಕೋಟಿ 25 ಲಕ್ಷ ಜನ, ಜೀವಂತವಾಗಿ ಆಚೆ ದಡದಲ್ಲಿ ಇಳಿದವರು ಸುಮಾರು 1 ಕೋಟಿ 7 ಲಕ್ಷ. ಈ ಎರಡು ಸಂಖ್ಯೆಗಳ ನಡುವಿನ ನೀರನ್ನು ಫೀಲಿಂಗ್ಸ್ ಶಾಯಿ ಮತ್ತು ಟೆಂಪೆರಾ ಬಣ್ಣದಲ್ಲಿ, ತೆಳುವಾದ ರೈಸ್ ಪೇಪರ್ ಮೇಲೆ ಚಿತ್ರಿಸಿದರು.

ಚಿತ್ರಗಳನ್ನು ಹತ್ತಿರದಿಂದ ನೋಡಿ. ಸೆರೆಹಿಡಿಯುವ ಬಿಳಿಯರು ಪ್ರೇತಗಳಂತೆ ಬಿಳಚಿಕೊಂಡಿದ್ದಾರೆ, ಅವರ ಮೈಗೆ ಅಂಚೇ ಇಲ್ಲದಂತೆ ಕಾಗದದಲ್ಲಿ ಕರಗಿದ್ದಾರೆ. ಸರಪಳಿಯಲ್ಲಿರುವವರ ದೇಹಗಳು ಮಾತ್ರ ಗಟ್ಟಿಯಾಗಿ, ತೂಕದಿಂದ, ಒಳಗಿನ ಕಾಂತಿಯಿಂದ ಕೂಡಿವೆ. ಘಾನಾದಲ್ಲಿ ಕಂಡ ಆ ಬೆಳಕೇ ಇದು, ನೋವಿನ ನಡುವೆಯೂ ಅದನ್ನು ಅವರು ಆರಗೊಟ್ಟಿಲ್ಲ. ಒಂದು ಚಿತ್ರದಿಂದ ಮುಂದಿನದಕ್ಕೆ ನಮ್ಮ ಕಣ್ಣನ್ನು ಒಯ್ಯುವ ಬಗೆಯಲ್ಲಿ 1958ರ ಕಾಮಿಕ್ಸ್ ಕಲಾವಿದ ಇನ್ನೂ ಇದ್ದಾನೆ. ತೆಗೆದುಹಾಕಿರುವುದು ಬಲೂನ್‌ಗಳನ್ನು ಮಾತ್ರ. ಬಾಯಿ ತೆರೆದ ಮುಖಗಳು ಪುಟದ ತುಂಬ ಇವೆ, ಅವರ ಕೂಗನ್ನು ಮಾತ್ರ ನೋಡುವವರೇ ಕೇಳಿಸಿಕೊಳ್ಳಬೇಕು.

1996ರಲ್ಲಿ ಈ ಪುಸ್ತಕಕ್ಕೆ ಕೊರೆಟಾ ಸ್ಕಾಟ್ ಕಿಂಗ್ ಪ್ರಶಸ್ತಿ ಬಂತು. ದಕ್ಷಿಣ ಕ್ಯಾರೊಲಿನಾದ ವಿಶ್ವವಿದ್ಯಾಲಯದಲ್ಲಿ ಕಲೆ ಕಲಿಸಿದ ಫೀಲಿಂಗ್ಸ್ 2003ರ ಆಗಸ್ಟ್ 25ರಂದು, ಎಪ್ಪತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು.

[ದೃಶ್ಯ: ಮತ್ತೆ ಅದೇ ಪುಸ್ತಕ, ಮೊದಲ ಚಿತ್ರಕ್ಕೆ ತೆರೆದಿದೆ.]

ಈ ಪುಸ್ತಕವನ್ನು ಕನ್ನಡಕ್ಕೆ ಅನುವಾದಿಸಬೇಕಾಗಿಲ್ಲ. ಬೇರೊಂದು ಸಾಗರದ ಮೇಲೆ, ಪೋರ್ಚುಗೀಸರ ಹಡಗುಗಳಲ್ಲಿ ಗುಲಾಮರಾಗಿ ಗೋವೆಗೆ ಬಂದವರ ಸಂತತಿಯಾದ ಸಿದ್ದಿ ಜನ ಯಲ್ಲಾಪುರ, ಹಳಿಯಾಳದ ಕಾಡಂಚಿನ ಊರುಗಳಲ್ಲಿ ಇಂದಿಗೂ ಇದ್ದಾರೆ. ಅಲ್ಲಿನ ಶಾಲೆಯೊಂದರಲ್ಲಿ ಒಂದು ಮಗು ಈ ಪುಸ್ತಕವನ್ನು ತೆರೆದರೆ, ಮೊದಲ ಪುಟದಿಂದಲೇ ಓದಬಲ್ಲದು.