ಮಿತಿ ದಾಟಿದ ಕಾರ್ಡು, ನಿಲ್ಲದ ಬಡ್ಡಿ

ಕೇಳುಗರೇ, ನಮಸ್ಕಾರ.

ಜೂನ್ ಒಂದಕ್ಕೆ ಮೊದಲು ಮಲ್ಪೆಯ ಯಾಂತ್ರೀಕೃತ ದೋಣಿಗಳು ಬಂದರು ಸೇರಿದರೆ ಮತ್ತೆ ಕಡಲಿಗಿಳಿಯುವುದು ಆಗಸ್ಟ್ ತಿಂಗಳಿನಲ್ಲಿ. ದೋಣಿಯವರಿಗೆ ಮಾತ್ರವಲ್ಲ, ಐಸ್ ಪ್ಲಾಂಟಿಗೆ, ಮೀನು ಸಾಗಿಸುವ ಲಾರಿಗೆ, ಬಂದರಿನ ಎದುರಿನ ಹೋಟೆಲಿಗೆ ಕೂಡ ಆ ಎರಡು ತಿಂಗಳು ಕೈ ಬಿಗಿ. ಖರ್ಚಿಗೆ ಮಾತ್ರ ರಜೆ ಇಲ್ಲ. ಶಾಲೆಯ ಶುಲ್ಕ, ಕೊಡೆ, ಸೋರುವ ಮಾಡಿನ ರಿಪೇರಿ ಎಲ್ಲವೂ ಜೂನ್‌ನಲ್ಲೇ ಬಾಗಿಲು ತಟ್ಟುತ್ತವೆ. ಆಗ ಪರ್ಸಿನಿಂದ ಹೊರಬರುವುದು ಕ್ರೆಡಿಟ್ ಕಾರ್ಡ್. ಅದು ತಪ್ಪೆಂದು ಹೇಳಲು ನಾನು ಇಲ್ಲಿ ಕುಳಿತಿಲ್ಲ. ಪ್ರತಿ ಬಿಲ್ಲನ್ನೂ ಪೂರ್ತಿ ಕಟ್ಟುವವರಿಗೆ ಸುಮಾರು ಐವತ್ತು ದಿನಗಳವರೆಗೆ ಬಡ್ಡಿಯಿಲ್ಲದೆ ದುಡ್ಡು ಸಿಗುತ್ತದೆ. ಅಷ್ಟು ಉದಾರವಾಗಿ ನೆಂಟರೂ ಕೊಡುವುದಿಲ್ಲ. ನನ್ನ ಇಂದಿನ ಮಾತು ಪೂರ್ತಿ ಕಟ್ಟಲಾಗದೆ ಸಿಕ್ಕಿಕೊಂಡವರಿಗೆ.

ಒಂದು ಲೆಕ್ಕ ಹಾಕೋಣ, ಪೆನ್ನು ಇದ್ದರೆ ಹಿಡಿದುಕೊಳ್ಳಿ. ಕಾರ್ಡಿನ ಮಿತಿ ಒಂದು ಲಕ್ಷ. ಹಳೆಯ ಬಾಕಿ 95,000 ರೂಪಾಯಿ. ನಮ್ಮಲ್ಲಿ ಅನೇಕ ಕಾರ್ಡುಗಳ ಬಡ್ಡಿ ತಿಂಗಳಿಗೆ ಶೇಕಡಾ ಮೂರೂವರೆ ಅಥವಾ ಅದಕ್ಕಿಂತ ತುಸು ಹೆಚ್ಚು, ಅಂದರೆ ವರ್ಷಕ್ಕೆ ಶೇಕಡಾ 42ಕ್ಕೆ ಕಡಿಮೆಯಿಲ್ಲ. ಆ ಬಡ್ಡಿಯ ಮೇಲೆ ಶೇಕಡಾ 18 ಜಿಎಸ್‌ಟಿ. ಒಂದೇ ತಿಂಗಳಿಗೆ ಎರಡೂ ಸೇರಿ ಸುಮಾರು 3,900 ರೂಪಾಯಿ ಕೂಡಿ, ಬಾಕಿ 98,900 ಆಗುತ್ತದೆ. ಬಿಲ್ಲಿನಲ್ಲಿ ದಪ್ಪ ಅಕ್ಷರದಲ್ಲಿ ಮಿನಿಮಮ್ ಡ್ಯೂ, ಅಂದರೆ ಆ ತಿಂಗಳು ಕನಿಷ್ಠ ಕಟ್ಟಲೇಬೇಕಾದ ಮೊತ್ತ ಎಂದು ಹತ್ತಿರ ಹತ್ತಿರ 5,000 ಕಾಣಿಸುತ್ತದೆ. ಅಷ್ಟನ್ನು ಕಟ್ಟಿ ನಿಟ್ಟುಸಿರು ಬಿಡುತ್ತೀರಿ. ಆದರೆ ಕಟ್ಟಿದ್ದರಲ್ಲಿ ಅಸಲಿಗೆ ಹೋದದ್ದು ಬರೀ 1,100 ರೂಪಾಯಿ. ಬಾಕಿ ಈಗ 93,900. ಅಷ್ಟರಲ್ಲಿ ಮಕ್ಕಳ ಸಮವಸ್ತ್ರ, ಪುಸ್ತಕಕ್ಕೆಂದು 7,000 ರೂಪಾಯಿಗೆ ಅದೇ ಕಾರ್ಡನ್ನು ಉಜ್ಜಿದರೆ ಮಿತಿಯನ್ನು 900 ರೂಪಾಯಿ ದಾಟಿದಿರಿ. ಓವರ್‌ಲಿಮಿಟ್ ಶುಲ್ಕ ಸಾಮಾನ್ಯವಾಗಿ ದಾಟಿದ ಮೊತ್ತದ ಶೇಕಡಾ ಎರಡೂವರೆ ಎನ್ನುತ್ತಾರೆ, ಕೇಳಲು ಹಗುರ. ಆದರೆ ಜೊತೆಗೆ ಕನಿಷ್ಠ 500 ರೂಪಾಯಿ ಅಥವಾ ಆಸುಪಾಸು ಎಂಬ ಇನ್ನೊಂದು ಮಾತು ಇರುತ್ತದೆ. ಜಿಎಸ್‌ಟಿ ಸೇರಿಸಿ 590 ಆಯಿತು. ಒಂಬೈನೂರು ರೂಪಾಯಿಯ ಮೇಲೆ ಐನೂರ ತೊಂಬತ್ತು! ಹಳೆಯ ಕಾಲದ ಲೇವಾದೇವಿಯವನಿಗೂ ಇಷ್ಟು ಕೇಳಲು ಸಂಕೋಚವಾಗುತ್ತಿತ್ತು. ಸಾಲದೆಂಬಂತೆ ಅನೇಕ ಬ್ಯಾಂಕುಗಳು ಮಿತಿ ಮೀರಿದ ಆ 900ನ್ನು ಇಡಿಯಾಗಿ ಮುಂದಿನ ತಿಂಗಳ ಮಿನಿಮಮ್ ಡ್ಯೂಗೆ ಸೇರಿಸುತ್ತವೆ.

ಇಲ್ಲಿ ಒಂದು ವಿಷಯ ಹೆಚ್ಚಿನವರಿಗೆ ತಿಳಿದಿಲ್ಲ. 2022ರಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಕಾರ್ಡ್ ನಿರ್ದೇಶನಗಳ ಪ್ರಕಾರ, ಗ್ರಾಹಕರ ಸ್ಪಷ್ಟ ಒಪ್ಪಿಗೆ ಇಲ್ಲದೆ ಮಂಜೂರಾದ ಮಿತಿಯನ್ನು ದಾಟಲು ಬಿಡುವಂತಿಲ್ಲ. ಹಾಗಾಗಿ ಓವರ್‌ಲಿಮಿಟ್ ಶುಲ್ಕ ಬಿದ್ದಿದ್ದರೆ ಮೊದಲ ಪ್ರಶ್ನೆ ಇದು: ನಾನು ಯಾವಾಗ, ಯಾವ ರೀತಿಯಲ್ಲಿ ಒಪ್ಪಿಗೆ ಕೊಟ್ಟೆ? ಫೋನಿನಲ್ಲಿ ಕೇಳಿ ಸುಮ್ಮನಾಗಬೇಡಿ, ಬರೆದು ಕೇಳಿ. ದಾಖಲೆ ತೋರಿಸಲಾಗದಿದ್ದರೆ ಶುಲ್ಕವನ್ನು ಹಿಂತಿರುಗಿಸಲು ಒತ್ತಾಯಿಸಿ. ಕಾರ್ಡಿನ ಆ್ಯಪ್ ತೆರೆದು ಓವರ್‌ಲಿಮಿಟ್ ಸೌಲಭ್ಯವನ್ನು ಇಂದೇ ನಿಲ್ಲಿಸಿ. ಆಮೇಲೆ ಮಿತಿ ಮುಗಿದ ದಿನ ಹಂಪನಕಟ್ಟೆಯ ಅಂಗಡಿಯ ಕೌಂಟರಿನಲ್ಲಿ ಕಾರ್ಡು ನಡೆಯದೆ ಮುಜುಗರವಾಗಬಹುದು. ಆಗಲಿ ಬಿಡಿ, ಆ ಮುಜುಗರಕ್ಕೆ ಜಿಎಸ್‌ಟಿ ಇಲ್ಲ.

ಆದರೂ ನಿಜವಾದ ಪೆಟ್ಟು ಈ ಶುಲ್ಕದ್ದಲ್ಲ, ಬಡ್ಡಿಯದು. ಬಾಕಿ ಉಳಿಸಿಕೊಂಡ ಕ್ಷಣದಿಂದ ಬಡ್ಡಿರಹಿತ ಅವಧಿ ಎಂಬ ಸೌಲಭ್ಯ ಹೋಯಿತು. ಹಳೆಯ ಬಾಕಿ ಇರುವಷ್ಟು ಕಾಲ ಹೊಸದಾಗಿ ಕೊಂಡ ಪ್ರತಿಯೊಂದಕ್ಕೂ ಕೊಂಡ ದಿನದಿಂದಲೇ ಬಡ್ಡಿ ಓಡುತ್ತದೆ, ಅದು ಪೆಟ್ರೋಲ್ ಆಗಲಿ, ಪಾಯಿಂಟ್ಸ್ ಸಿಗುತ್ತದೆಂದು ತೆಗೆದ ಚಪ್ಪಲಿಯಾಗಲಿ. ಎಟಿಎಂನಲ್ಲಿ ಕಾರ್ಡಿನಿಂದ ನಗದು ತೆಗೆದರಂತೂ ಬಾಕಿ ಇರಲಿ ಬಿಡಲಿ, ಬಡ್ಡಿ ಅಂದಿನಿಂದಲೇ. ಆದ್ದರಿಂದ ಸಾಲ ತೀರುವವರೆಗೆ ಕಾರ್ಡನ್ನು ಕಪಾಟಿಗೆ ಸೇರಿಸಿ. ಈಗ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಬಹುದು. ಜೋಡಿಸಿದ್ದರೆ ಅದನ್ನೂ ತೆಗೆಯಿರಿ. ಇಲ್ಲವಾದರೆ ಚಹಾದ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿದ ಇಪ್ಪತ್ತು ರೂಪಾಯಿಯೂ ಶೇಕಡಾ 42ರ ಸಾಲವಾಗುತ್ತದೆ.

ಕಾರ್ಡಿನ ಬಡ್ಡಿಯನ್ನು ದಿನಲೆಕ್ಕದಲ್ಲಿ ಹಾಕುತ್ತಾರೆ. ಇದು ನಮಗೆ ಅನುಕೂಲವಾಗುವಂತೆಯೂ ತಿರುಗಿಸಿಕೊಳ್ಳಬಹುದು. ಕೊನೆಯ ದಿನಾಂಕಕ್ಕೆ ಕಾಯದೆ 10,000 ರೂಪಾಯಿಯನ್ನು ಹದಿನೈದು ದಿನ ಮೊದಲೇ ಕಟ್ಟಿದರೆ ಸುಮಾರು 170 ರೂಪಾಯಿ ಬಡ್ಡಿ ಉಳಿಯುತ್ತದೆ. ತಿಂಗಳಿಗೆ ಎಷ್ಟು ಸಲ ಬೇಕಾದರೂ ಕಟ್ಟಬಹುದು. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕ್ ಪಿಗ್ಮಿ ಠೇವಣಿ ಆರಂಭಿಸಿ ಮನೆ ಮನೆಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸಿದ ಜಿಲ್ಲೆ ಇದು. ದಿನದ ವ್ಯಾಪಾರದಿಂದ ದಿನವೇ ತೆಗೆದಿಡುವುದನ್ನು ನಮ್ಮವರಿಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ರಿಕ್ಷಾ ಓಡಿಸುವವರು, ಅಂಗಡಿ ಇಟ್ಟವರು ಸಂಜೆ ಮುನ್ನೂರು, ನಾಲ್ಕುನೂರು ರೂಪಾಯಿಯನ್ನು ನೇರವಾಗಿ ಕಾರ್ಡಿಗೆ ಹಾಕಬಹುದು. ಸಂಬಳದವರು, ಖಾತೆಯಿಂದ ತಾನಾಗಿ ಬಿಲ್ಲು ಕಟ್ಟುವ ಆಟೋಪೇ ಎಷ್ಟು ಕಟ್ಟುತ್ತಿದೆ ಎಂದು ನೋಡಿಕೊಳ್ಳಿ. ಮಿನಿಮಮ್ ಡ್ಯೂ ಎಂದು ಆಯ್ಕೆಯಾಗಿದ್ದರೆ, ಸಾಲ ತೀರುತ್ತಿದೆ ಎಂಬ ಭ್ರಮೆಯಲ್ಲಿ ವರ್ಷಗಳು ಕಳೆಯುತ್ತವೆ.

ಬಾಕಿ ದೊಡ್ಡದಾಗಿದ್ದರೆ ಕೈಯಿಂದ ಕಟ್ಟಿ ಮುಗಿಸುವುದು ಕಷ್ಟ, ಸಾಲವನ್ನೇ ಬದಲಿಸಬೇಕು. ಕರಾವಳಿಯ ಮನೆಗಳಲ್ಲಿ ಬಂಗಾರ ಅಡವಿಡಲು ಹಿಂಜರಿಕೆ ಇದೆ, ನಾಚಿಕೆಯೂ ಇದೆ. ಹಿರಿಯರಿಗೆ ತಿಳಿದರೆ ಏನೆಂದುಕೊಂಡಾರು ಎಂದು ಬಳೆಯನ್ನು ಲಾಕರಿನಲ್ಲಿ ಭದ್ರವಾಗಿಟ್ಟು, ನಾಲ್ಕು ಪಟ್ಟು ಬಡ್ಡಿಯನ್ನು ಗುಟ್ಟಾಗಿ ಕಟ್ಟುವವರಿದ್ದಾರೆ. ಬ್ಯಾಂಕಿನಲ್ಲೋ ಸಹಕಾರಿ ಸಂಘದಲ್ಲೋ ಚಿನ್ನದ ಸಾಲ ಕಾರ್ಡಿನ ಬಡ್ಡಿಯ ಹತ್ತಿರಕ್ಕೂ ಬರುವುದಿಲ್ಲ. ನನ್ನನ್ನು ಕೇಳಿದರೆ, ಬಳೆ ಅಡವಿಡಿ, ಕಾರ್ಡಿನ ಬಾಕಿಯನ್ನು ಸೊನ್ನೆ ಮಾಡಿ, ಬಳೆ ಬಿಡಿಸುವ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಚಿನ್ನ ಇಲ್ಲದವರು ಬಾಕಿಯನ್ನು ಕಂತಿಗೆ ಬದಲಿಸಿಕೊಡಲು ಬ್ಯಾಂಕನ್ನು ಕೇಳಬಹುದು. ಆದರೆ ಬಡ್ಡಿ ದರವನ್ನಷ್ಟೇ ಕೇಳಿ ಒಪ್ಪಿಬಿಡಬೇಡಿ. ಪ್ರೊಸೆಸಿಂಗ್ ಶುಲ್ಕ, ಬಡ್ಡಿಯ ಮೇಲಿನ ಜಿಎಸ್‌ಟಿ, ಅವಧಿಗೆ ಮೊದಲೇ ತೀರಿಸಿದರೆ ದಂಡ, ಎಲ್ಲ ಸೇರಿ ಕೊನೆಗೆ ಎಷ್ಟು ಕಟ್ಟುತ್ತೇನೆ ಎಂದು ಕೇಳಿ. ಇನ್ನೊಂದು ಕಾರ್ಡಿನಿಂದ ನಗದು ತೆಗೆದು ಈ ಕಾರ್ಡಿಗೆ ಕಟ್ಟುವುದು ಮಾತ್ರ ಬೇಡವೇ ಬೇಡ.

ಬಡ್ಡಿ ಶೇಕಡಾ 30 ಮೀರುವಂತಿಲ್ಲ, ಕೋರ್ಟಿನ ಆದೇಶ ಇದೆ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಬಂದರೆ ನಂಬಬೇಡಿ. 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಹಾಗೆ ಹೇಳಿದ್ದು ನಿಜ. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ಗ್ರಾಹಕರ ಪರವಾಗಿ ಉಳಿದಿರುವ ನಿಯಮಗಳು ಬೇರೆ ಇವೆ. ಕೊನೆಯ ದಿನಾಂಕ ಕಳೆದು ಮೂರು ದಿನಕ್ಕಿಂತ ಹೆಚ್ಚಾದರೆ ಮಾತ್ರ ತಡಪಾವತಿ ಶುಲ್ಕ ಹಾಕಬಹುದು. ಕಟ್ಟದೆ ಉಳಿದ ಶುಲ್ಕ, ತೆರಿಗೆಗಳನ್ನು ಅಸಲಿಗೆ ಸೇರಿಸಿ ಅದರ ಮೇಲೆ ಬಡ್ಡಿ ಹಾಕುವಂತಿಲ್ಲ. ವಸೂಲಿಯವರು ಬೆಳಿಗ್ಗೆ ಎಂಟಕ್ಕೆ ಮೊದಲು, ಸಂಜೆ ಏಳರ ನಂತರ ಕರೆ ಮಾಡುವಂತಿಲ್ಲ. ನೆರೆಹೊರೆಯವರ, ನೆಂಟರ ಮುಂದೆ ಮರ್ಯಾದೆ ತೆಗೆಯುವಂತಿಲ್ಲ. ಅವರು ಅರ್ಧಕ್ಕೆ ಇತ್ಯರ್ಥ ಮಾಡೋಣ ಎಂದರೆ ಬ್ಯಾಂಕಿನ ಪತ್ರ ಕೈಗೆ ಬಾರದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಹಾಗೆ ಮುಗಿಸಿದ ಸಾಲ, ನಮ್ಮ ಸಾಲದ ಚರಿತ್ರೆ ತೋರಿಸುವ ಸಿಬಿಲ್ ವರದಿಯಲ್ಲಿ ಸೆಟಲ್ಡ್ ಎಂದು ನಮೂದಾಗುತ್ತದೆ, ಮುಂದೆ ಮನೆ ಸಾಲಕ್ಕೆ ಹೋದಾಗ ಎದುರಾಗುತ್ತದೆ.

ದೂರು ಕೊಡುವುದಾದರೆ ಮೊದಲು ಬ್ಯಾಂಕಿಗೇ ಬರೆದು ಕೊಡಿ, ದೂರಿನ ಸಂಖ್ಯೆ ಪಡೆಯಿರಿ. ಮೂವತ್ತು ದಿನಗಳೊಳಗೆ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸರಿಯೆನಿಸದಿದ್ದರೆ, ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಬಳಿಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಮಾಹಿತಿಗೆ ದೂರವಾಣಿ ಸಂಖ್ಯೆ ಒಂದು, ನಾಲ್ಕು, ನಾಲ್ಕು, ನಾಲ್ಕು, ಎಂಟು. ಶುಲ್ಕ ನಮೂದಾದ ಬಿಲ್ಲು ಮತ್ತು ಬ್ಯಾಂಕಿಗೆ ಬರೆದ ದೂರಿನ ಪ್ರತಿ ಎರಡನ್ನೂ ಜೊತೆಗೆ ಲಗತ್ತಿಸಿ. ನಮಸ್ಕಾರ.